ಎರಡನೆಯ ಕಾನೂನು ಪದವಿ: ಯಾರಿಗೆ, ಯಾವಾಗ, ಏತಕ್ಕೆ?

ಕನ್ನಡ ಮಾಧ್ಯಮ ಶಾಲೆಯಲ್ಲಿ ಅಕ್ಷರ ಕಲಿತು, ಬಿ.ಎ. ಅಥವಾ ಬಿ.ಕಾಂ. ಮುಗಿಸಿ, ಬಳಿಕ ಎಲ್‌ಎಲ್‌ಬಿ ಪೂರೈಸಿದ ಮಕ್ಕಳು ಗಡಿನಾಡಿನ ಮನೆಗಳಲ್ಲಿ ಈಗ ಅಪರೂಪವಲ್ಲ. ಅವರ ಹೆತ್ತವರ ಮುಂದೆ ಒಂದು ಹೊಸ ಪ್ರಶ್ನೆಯಿದೆ. ಇನ್ನು ಎಲ್‌ಎಲ್‌ಎಂ ಮಾಡಿಸಬೇಕೇ? ಕಾನೂನಿನೊಡನೆ ಎಂಬಿಎಯನ್ನೋ ಸಾರ್ವಜನಿಕ ನೀತಿಯ ಪದವಿಯನ್ನೋ ಜೋಡಿಸಬೇಕೇ? ಸಾಲ ಮಾಡಿಯಾದರೂ ವಿದೇಶಕ್ಕೆ ಕಳುಹಿಸಬೇಕೇ? ನೆರೆಮನೆಯವರ ಮಾತು, ಜಾಹೀರಾತು, ಸಂಬಂಧಿಕರ ಸಲಹೆ ಇವುಗಳ ನಡುವೆ ನಿರ್ಧಾರ ಹಲವು ಬಾರಿ ಅವಸರದಲ್ಲಿ ಆಗಿಬಿಡುತ್ತದೆ.

ಈ ನಿರ್ಧಾರದ ಲೆಕ್ಕಾಚಾರವನ್ನೇ ಬದಲಿಸುವ ಮೂರು ಬೆಳವಣಿಗೆಗಳು ಇತ್ತೀಚೆಗೆ ಆಗಿವೆ. 2024ರ ಜುಲೈಯಲ್ಲಿ ವಕೀಲರ ನೋಂದಣಿ ಶುಲ್ಕದ ಬಗ್ಗೆ ಸರ್ವೋಚ್ಚ ನ್ಯಾಯಾಲಯ ತೀರ್ಪು ನೀಡಿತು. 2025ರ ಮೇ 20ರಂದು ಅದೇ ನ್ಯಾಯಾಲಯ ಕೆಳಹಂತದ ನ್ಯಾಯಾಧೀಶರ ನೇಮಕಾತಿಗೆ ಮೂರು ವರ್ಷಗಳ ವಕೀಲಿಯನ್ನು ಮತ್ತೆ ಕಡ್ಡಾಯಗೊಳಿಸಿತು. ಅದರ ಬೆನ್ನಿಗೇ, ಅನುಮತಿಯಿಲ್ಲದ ಆನ್‌ಲೈನ್ ಮತ್ತು ದೂರಶಿಕ್ಷಣದ ಎಲ್‌ಎಲ್‌ಎಂಗಳ ವಿರುದ್ಧ ಭಾರತೀಯ ವಕೀಲರ ಪರಿಷತ್ತು ಎಚ್ಚರಿಕೆ ನೀಡಿತು. ಈ ಮೂರನ್ನೂ ಒಟ್ಟಿಗೆ ಇಟ್ಟು ನೋಡಿದರೆ ಒಂದು ಮಾತು ಸ್ಪಷ್ಟವಾಗುತ್ತದೆ. ನ್ಯಾಯಾಲಯದ ಬಾಗಿಲು ತೆರೆಯುವುದು ಮೊದಲ ಪದವಿ. ಎರಡನೆಯ ಪದವಿಯ ಉದ್ದೇಶವೇ ಬೇರೆ. ಆ ಉದ್ದೇಶ ತಿಳಿಯದೆ ಅದರ ಮೇಲೆ ಹಣವನ್ನೂ ವರ್ಷಗಳನ್ನೂ ಹೂಡುವುದು ನಮ್ಮಂಥ ಕುಟುಂಬಗಳಿಗೆ ದುಬಾರಿ.

ಮೊದಲ ಪದವಿಯಿಂದ ಏನೆಲ್ಲ ಸಿಗುತ್ತದೆ

1961ರ ವಕೀಲರ ಕಾಯಿದೆಯ ಪ್ರಕಾರ ವಕೀಲಿ ಸನ್ನದು ಪಡೆಯಲು ಮಾನ್ಯತೆಯುಳ್ಳ ಎಲ್‌ಎಲ್‌ಬಿ ಸಾಕು. ಅದು ಪಿಯುಸಿ ಅಥವಾ ಪ್ಲಸ್ ಟೂ ಬಳಿಕದ ಐದು ವರ್ಷಗಳ ಸಂಯೋಜಿತ ಪದವಿಯಾಗಿರಬಹುದು, ಇನ್ನೊಂದು ಪದವಿಯ ಬಳಿಕದ ಮೂರು ವರ್ಷಗಳದ್ದಾಗಿರಬಹುದು. ಕಾನೂನಿನ ದೃಷ್ಟಿಯಲ್ಲಿ ಎರಡೂ ಸಮಾನ. ಎಲ್‌ಎಲ್‌ಎಂ ಇಲ್ಲದ ವಕೀಲನು ಮುನ್ಸಿಫ್ ನ್ಯಾಯಾಲಯದಿಂದ ಸರ್ವೋಚ್ಚ ನ್ಯಾಯಾಲಯದವರೆಗೆ ವಾದಿಸಬಲ್ಲನು.

ನೋಂದಣಿಯ ಬಳಿಕ ಅಖಿಲ ಭಾರತ ವಕೀಲರ ಪರೀಕ್ಷೆಯನ್ನು ಬರೆಯಬೇಕು. ಈ ಪರೀಕ್ಷೆಯನ್ನು ಸಂವಿಧಾನ ಪೀಠವು 2023ರಲ್ಲಿ ಎತ್ತಿಹಿಡಿಯಿತು. ಅದನ್ನು ಕನ್ನಡದಲ್ಲಿಯೂ ಬರೆಯಬಹುದು ಎಂಬುದನ್ನು ನಮ್ಮ ಓದುಗರು ಗಮನಿಸಬೇಕು. ನೋಂದಣಿ ಶುಲ್ಕದ ಹೆಸರಿನಲ್ಲಿ ಹಲವು ರಾಜ್ಯಗಳಲ್ಲಿ ಸಾವಿರಾರು ರೂಪಾಯಿ ಪಡೆಯುತ್ತಿದ್ದ ರೂಢಿಗೆ 2024ರ ತೀರ್ಪು ತಡೆ ಹಾಕಿತು. ಕಾಯಿದೆಯಲ್ಲಿ ಹೇಳಿರುವಂತೆ ಸಾಮಾನ್ಯ ವರ್ಗಕ್ಕೆ 750 ರೂಪಾಯಿ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ 125 ರೂಪಾಯಿ ಮಾತ್ರ ಎಂದು ನ್ಯಾಯಾಲಯ ಹೇಳಿತು. ಬಡ ಮನೆಯ ಮಕ್ಕಳಿಗೆ ವೃತ್ತಿಯ ಹೊಸ್ತಿಲು ಇದರಿಂದ ತಗ್ಗಿದೆ.

ನ್ಯಾಯಾಧೀಶರಾಗುವ ಕನಸಿನ ಮಾತಿಗೆ ಬರೋಣ. ಎಲ್‌ಎಲ್‌ಬಿ ಮುಗಿದೊಡನೆ ನೇರವಾಗಿ ಸಿವಿಲ್ ನ್ಯಾಯಾಧೀಶರ ಪರೀಕ್ಷೆಗೆ ಕೂರುವ ಕಾಲ 2025ರ ಮೇ ತೀರ್ಪಿನೊಡನೆ ಮುಗಿಯಿತು. ತಾತ್ಕಾಲಿಕ ನೋಂದಣಿಯ ದಿನದಿಂದ ಲೆಕ್ಕ ಹಾಕಿ ಮೂರು ವರ್ಷಗಳ ವಕೀಲಿ ಬೇಕು. ನ್ಯಾಯಮೂರ್ತಿಗಳ ಬಳಿ ಕಾನೂನು ಸಹಾಯಕರಾಗಿ ದುಡಿದ ಕಾಲವನ್ನೂ ಇದಕ್ಕೆ ಸೇರಿಸಬಹುದು. ತರಗತಿಯಲ್ಲಿ ಕುಳಿತ ಕಾಲ ವಕೀಲಿಯ ಅನುಭವವೆಂದು ಎಣಿಕೆಯಾಗದು. ಆದ್ದರಿಂದ ನ್ಯಾಯಾಂಗ ಸೇವೆಯೇ ಗುರಿಯಾದವರು ನೋಂದಣಿಯನ್ನು ಮುಂದಕ್ಕೆ ಹಾಕಿ ಎಲ್‌ಎಲ್‌ಎಂಗೆ ಸೇರಿದರೆ ಗುರಿಯೂ ಅಷ್ಟೇ ಮುಂದಕ್ಕೆ ಹೋಗುತ್ತದೆ. ನೇಮಕಾತಿಯ ಪ್ರತಿಯೊಂದು ಅಧಿಸೂಚನೆಯನ್ನೂ ಆಯಾ ಹೈಕೋರ್ಟಿನ ಜಾಲತಾಣದಲ್ಲಿ ನೋಡಿಯೇ ಹೆಜ್ಜೆಯಿಡಬೇಕು.

ಎಲ್‌ಎಲ್‌ಎಂ ಎಂದರೆ ಏನು?

ಎಲ್‌ಎಲ್‌ಎಂ ಮೂಲತಃ ಅಧ್ಯಾಪನ ಮತ್ತು ಸಂಶೋಧನೆಯ ಪದವಿ. ಕಾನೂನು ಕಾಲೇಜಿನಲ್ಲಿ ಸಹಾಯಕ ಪ್ರಾಧ್ಯಾಪಕರಾಗಲು ಸ್ನಾತಕೋತ್ತರ ಪದವಿಯೂ, ಅದರೊಡನೆ ಯುಜಿಸಿಯ ನೆಟ್ ಅಥವಾ ಪಿಎಚ್‌ಡಿಯಂಥ ಅರ್ಹತೆಯೂ ಬೇಕು. ಶಾಸನ ರಚನೆ, ಆಯೋಗಗಳ ಅಧ್ಯಯನ, ನೀತಿ ಸಂಶೋಧನೆ, ಮಾನವ ಹಕ್ಕು ಸಂಸ್ಥೆಗಳ ಕೆಲಸ ಇವುಗಳಲ್ಲಿಯೂ ಅದಕ್ಕೆ ಬೆಲೆಯಿದೆ. ದೊಡ್ಡ ನಗರಗಳ ಕಾನೂನು ಸಂಸ್ಥೆಗಳಲ್ಲಿ ತೆರಿಗೆ, ಕಂಪೆನಿ ಕಾನೂನು, ಬೌದ್ಧಿಕ ಆಸ್ತಿ ಮೊದಲಾದ ವಿಶೇಷ ಕ್ಷೇತ್ರಗಳಿಗೆ ಹೋಗುವವರಿಗೂ ಅದು ಸಹಾಯಕ. ತಾಲೂಕು ನ್ಯಾಯಾಲಯದಲ್ಲಿ ಭೂಮಿ, ಬಾಡಿಗೆ, ಕುಟುಂಬ ವ್ಯಾಜ್ಯಗಳನ್ನು ನಡೆಸುವ ವಕೀಲರಿಗೆ ಹಿರಿಯರೊಬ್ಬರ ಕಚೇರಿಯಲ್ಲಿ ಕಲಿತ ಎರಡು ವರ್ಷಗಳೇ ಹೆಚ್ಚು ಫಲ ಕೊಡುತ್ತವೆ.

ಪದವಿಯ ಅವಧಿಯ ಬಗ್ಗೆ ದೇಶದಲ್ಲಿ ಒಂದು ಗೊಂದಲವಿದೆ. ಸಾಮಾನ್ಯ ವಿಶ್ವವಿದ್ಯಾಲಯಗಳಲ್ಲಿ ಎಲ್‌ಎಲ್‌ಎಂ ಎರಡು ವರ್ಷಗಳದ್ದೇ ಹೆಚ್ಚು. 2013ರಲ್ಲಿ ಯುಜಿಸಿ 24 ಕ್ರೆಡಿಟ್‌ಗಳ ಒಂದು ವರ್ಷದ ಎಲ್‌ಎಲ್‌ಎಂಗೆ ಮಾರ್ಗಸೂಚಿ ಹೊರಡಿಸಿತು. ರಾಷ್ಟ್ರೀಯ ಕಾನೂನು ವಿಶ್ವವಿದ್ಯಾಲಯಗಳು ಅದನ್ನು ಅಳವಡಿಸಿಕೊಂಡವು. ಬೆಂಗಳೂರಿನ ನ್ಯಾಷನಲ್ ಲಾ ಸ್ಕೂಲ್, ಹೈದರಾಬಾದಿನ ನಲ್ಸಾರ್, ಕೊಚ್ಚಿಯ ನುವಾಲ್ಸ್ ಈ ಸಾಲಿಗೆ ಸೇರಿದವು. 2021ರ ಜನವರಿಯಲ್ಲಿ ವಕೀಲರ ಪರಿಷತ್ತು ಹೊಸ ನಿಯಮಗಳನ್ನು ಪ್ರಕಟಿಸಿ, ಎಲ್‌ಎಲ್‌ಎಂ ಎರಡು ವರ್ಷಗಳದ್ದೇ ಆಗಿರಬೇಕು, ಒಂದು ವರ್ಷದ್ದು ಕೊನೆಗೊಳ್ಳಬೇಕು ಎಂದಿತು. ರಾಷ್ಟ್ರೀಯ ಕಾನೂನು ವಿಶ್ವವಿದ್ಯಾಲಯಗಳ ಒಕ್ಕೂಟ ಸರ್ವೋಚ್ಚ ನ್ಯಾಯಾಲಯಕ್ಕೆ ಹೋಯಿತು. ಆ ಶೈಕ್ಷಣಿಕ ವರ್ಷಕ್ಕೆ ನಿಯಮವನ್ನು ಜಾರಿಗೊಳಿಸುವುದಿಲ್ಲ ಎಂದು ಪರಿಷತ್ತು ತಿಳಿಸಿತು. ಒಂದು ವರ್ಷದ ಪದವಿ ಆ ಬಳಿಕವೂ ಮುಂದುವರಿದಿದೆ.

ಅದೇ ನಿಯಮಗಳಲ್ಲಿ ಇನ್ನೊಂದು ಮಾತಿತ್ತು. ವಿದೇಶದ ಒಂದು ವರ್ಷದ ಎಲ್‌ಎಲ್‌ಎಂ ತಾನಾಗಿಯೇ ಭಾರತದ ಎಲ್‌ಎಲ್‌ಎಂಗೆ ಸಮವಾಗದು ಎಂಬುದು. ಲಂಡನ್ನಿನಿಂದಲೋ ನ್ಯೂಯಾರ್ಕಿನಿಂದಲೋ ಪದವಿ ತಂದು ಇಲ್ಲಿಯ ಕಾಲೇಜಿನಲ್ಲಿ ಅಧ್ಯಾಪಕರಾಗಬೇಕೆಂದಿರುವವರು ಹಣ ಕಟ್ಟುವ ಮೊದಲೇ ಈ ವಿಚಾರವನ್ನು ವಿಶ್ವವಿದ್ಯಾಲಯದಿಂದ ಬರಹದಲ್ಲಿ ತಿಳಿದುಕೊಳ್ಳುವುದು ಲೇಸು.

ಜೋಡಿ ಪದವಿಗಳ ಆಕರ್ಷಣೆ

ಅಮೆರಿಕದಲ್ಲಿ ಕಾನೂನೇ ಸ್ನಾತಕೋತ್ತರ ಹಂತದ ವಿದ್ಯೆ. ಬೇರೊಂದು ಪದವಿ ಪಡೆದವರು ಮೂರು ವರ್ಷಗಳ ಜೆ.ಡಿ. ಓದುತ್ತಾರೆ. ಜೆ.ಡಿ.ಗೆ ಮೂರು, ಎಂಬಿಎಗೆ ಎರಡು, ಒಟ್ಟು ಐದು ವರ್ಷ ಬೇಕಾಗುವಲ್ಲಿ ಎರಡನ್ನೂ ಸೇರಿಸಿ ಸಾಮಾನ್ಯವಾಗಿ ನಾಲ್ಕು ವರ್ಷಗಳಲ್ಲಿ ಮುಗಿಸುವ ಸಂಯುಕ್ತ ಪದವಿಗಳು ಅಲ್ಲಿವೆ. ಸಾರ್ವಜನಿಕ ನೀತಿ, ಸಾರ್ವಜನಿಕ ಆರೋಗ್ಯ, ತತ್ತ್ವಶಾಸ್ತ್ರ ಇವುಗಳೊಡನೆಯೂ ಹೀಗೆ ಜೋಡಿಸಬಹುದು. ಕೆಲವು ಪಾಠಗಳನ್ನು ಎರಡೂ ಪದವಿಗಳಿಗೆ ಎಣಿಸುವುದರಿಂದ ಒಂದು ವರ್ಷ ಉಳಿಯುತ್ತದೆ.

ನಮ್ಮಲ್ಲಿ ಈ ಕೆಲಸವನ್ನು ಐದು ವರ್ಷಗಳ ಸಂಯೋಜಿತ ಪದವಿ ಮಾಡುತ್ತದೆ. ಬಿ.ಎ. ಎಲ್‌ಎಲ್‌ಬಿ, ಬಿಬಿಎ ಎಲ್‌ಎಲ್‌ಬಿ, ಬಿ.ಕಾಂ. ಎಲ್‌ಎಲ್‌ಬಿ ಎಲ್ಲವೂ ಜೋಡಿ ಪದವಿಗಳೇ. ಬೇರೆ ಬೇರೆಯಾಗಿ ಓದಿದರೆ ಆರು ವರ್ಷ ಹಿಡಿಯುವುದು ಇಲ್ಲಿ ಐದಕ್ಕೆ ಮುಗಿಯುತ್ತದೆ.

ಹಲವರು ಎಡವುವುದು ಇನ್ನೊಂದು ಕಡೆ. 2022ರಲ್ಲಿ ಯುಜಿಸಿ ಏಕಕಾಲದಲ್ಲಿ ಎರಡು ಪದವಿಗಳನ್ನು ಓದಲು ಅವಕಾಶ ಕೊಟ್ಟಿತು. ಇದನ್ನು ನಂಬಿ ಎಲ್‌ಎಲ್‌ಬಿಯೊಡನೆ ಮತ್ತೊಂದು ರೆಗ್ಯುಲರ್ ಎಂ.ಎ.ಗೆ ಸೇರುವವರಿದ್ದಾರೆ. ಕಾನೂನು ಪದವಿಗೆ ವಕೀಲರ ಪರಿಷತ್ತಿನ 2008ರ ನಿಯಮಗಳೂ ಅನ್ವಯಿಸುತ್ತವೆ. ಅವು ಎಲ್‌ಎಲ್‌ಬಿ ಓದುವಾಗ ಇನ್ನೊಂದು ರೆಗ್ಯುಲರ್ ಪದವಿಗೆ ಹೆಸರು ನೋಂದಾಯಿಸುವುದನ್ನು ತಡೆಯುತ್ತವೆ. ಭಾಷೆ ಅಥವಾ ಕಂಪ್ಯೂಟರಿನ ಅಲ್ಪಾವಧಿ ಸರ್ಟಿಫಿಕೇಟ್ ಕೋರ್ಸಿಗೂ, ವಿಶ್ವವಿದ್ಯಾಲಯದ ದೂರಶಿಕ್ಷಣ ಕೇಂದ್ರದ ಕೋರ್ಸಿಗೂ ಅವೇ ನಿಯಮಗಳಲ್ಲಿ ವಿನಾಯಿತಿಯಿದೆ. ಕನ್ನಡ ಎಂ.ಎ.ಯನ್ನು ದೂರಶಿಕ್ಷಣದಲ್ಲಿ ಓದುವವರಿಗೆ ಈ ವಿನಾಯಿತಿ ಉಪಯುಕ್ತ. ತಿಳಿಯದೆ ಮಾಡಿದ ಎರಡು ಪ್ರವೇಶಗಳು ಸನ್ನದಿನ ಹೊತ್ತಿಗೆ ತೊಡಕಾದರೆ ಕಳೆದ ವರ್ಷಗಳನ್ನು ಹಿಂದೆ ತರಲಾಗದು.

ಎಲ್‌ಎಲ್‌ಎಂಗೆ ಮಾತ್ರ ದೂರಶಿಕ್ಷಣದ ದಾರಿ ಸುಗಮವಲ್ಲ. ವಾರಾಂತ್ಯದ ಆನ್‌ಲೈನ್ ತರಗತಿ, ಮನೆಯಲ್ಲಿಯೇ ಪರೀಕ್ಷೆ, ಕೊನೆಗೆ ಎಲ್‌ಎಲ್‌ಎಂ ಎಂಬ ಹೆಸರು ಎಂಬ ಜಾಹೀರಾತುಗಳು ಹೆಚ್ಚಿವೆ. ತನ್ನ ಅನುಮತಿಯಿಲ್ಲದೆ ನಡೆಸುವ ಇಂಥ ಪದವಿಗಳು ಅಧ್ಯಾಪಕ ವೃತ್ತಿಗಾಗಲಿ ಸಂಶೋಧನೆಗಾಗಲಿ ಮಾನ್ಯವಲ್ಲ ಎಂದು ಪರಿಷತ್ತು 2025ರಲ್ಲಿ ಹೇಳಿದೆ. ಕಾನೂನಿನ ಒಂದು ವಿಷಯವನ್ನು ಆಳವಾಗಿ ತಿಳಿಯುವುದಷ್ಟೇ ಉದ್ದೇಶವಾದರೆ ಅಂಚೆ ಅಥವಾ ಆನ್‌ಲೈನ್ ಡಿಪ್ಲೊಮಾಗಳಿವೆ. ಅವನ್ನು ಡಿಪ್ಲೊಮಾ ಎಂದೇ ತಿಳಿದು ಓದಿದರೆ ಮೋಸವಿಲ್ಲ.

ಭಾಷೆಯ ಏಣಿಯಲ್ಲಿ ಕಳಚಿದ ಮೆಟ್ಟಿಲು

ಕನ್ನಡ ಮಾಧ್ಯಮದ ವಿದ್ಯಾರ್ಥಿಗೆ ಈ ಹಾದಿಯಲ್ಲಿ ಎದುರಾಗುವ ಮುಖ್ಯ ಅಡ್ಡಿ ಬುದ್ಧಿಯದಲ್ಲ, ಭಾಷೆಯದು. ಹುಬ್ಬಳ್ಳಿಯ ಕರ್ನಾಟಕ ರಾಜ್ಯ ಕಾನೂನು ವಿಶ್ವವಿದ್ಯಾಲಯದ ಮೂರು ವರ್ಷಗಳ ಎಲ್‌ಎಲ್‌ಬಿ ಪ್ರಶ್ನೆಪತ್ರಿಕೆಯಲ್ಲಿ ಪ್ರಶ್ನೆಗಳು ಕನ್ನಡದಲ್ಲಿಯೂ ಇರುತ್ತವೆ. ಉತ್ತರವನ್ನು ಪೂರ್ತಿಯಾಗಿ ಇಂಗ್ಲಿಷಿನಲ್ಲಿ ಅಥವಾ ಪೂರ್ತಿಯಾಗಿ ಕನ್ನಡದಲ್ಲಿ ಬರೆಯಬಹುದು. ವಕೀಲರ ಪರೀಕ್ಷೆಯನ್ನೂ ಕನ್ನಡದಲ್ಲಿ ಬರೆಯಬಹುದು. ಆದರೆ ರಾಷ್ಟ್ರೀಯ ಕಾನೂನು ವಿಶ್ವವಿದ್ಯಾಲಯಗಳ ಎಲ್‌ಎಲ್‌ಎಂ ಪ್ರವೇಶಕ್ಕಿರುವ ಕ್ಲ್ಯಾಟ್ ಪರೀಕ್ಷೆ ಇಂಗ್ಲಿಷಿನಲ್ಲಿ ಮಾತ್ರ. ಎರಡು ಗಂಟೆಗಳಲ್ಲಿ 120 ಪ್ರಶ್ನೆಗಳು; ತೀರ್ಪುಗಳಿಂದ ಆಯ್ದ ಉದ್ದದ ಭಾಗಗಳನ್ನು ವೇಗವಾಗಿ ಓದಿ ಉತ್ತರಿಸಬೇಕು; ತಪ್ಪಿದರೆ ಕಾಲು ಅಂಕ ಕಡಿತ. ಅಧ್ಯಾಪಕರಾಗಲು ಬರೆಯುವ ನೆಟ್ ಪರೀಕ್ಷೆಯ ಕಾನೂನು ಪತ್ರಿಕೆ ಇಂಗ್ಲಿಷ್ ಮತ್ತು ಹಿಂದಿಯಲ್ಲಿ ಬರುತ್ತದೆ. ಕೆಳಗಿನ ಎರಡು ಮೆಟ್ಟಿಲುಗಳಲ್ಲಿ ಜೊತೆಗಿದ್ದ ಕನ್ನಡ ಮೂರನೆಯದರಲ್ಲಿ ಕೈಬಿಡುತ್ತದೆ.

ಇದಕ್ಕೆ ಸಂವಿಧಾನದಲ್ಲಿಯೇ ಒಂದು ಕಾರಣವಿದೆ. ಸಂಸತ್ತು ಬೇರೆ ರೀತಿ ಹೇಳುವವರೆಗೆ ಸರ್ವೋಚ್ಚ ನ್ಯಾಯಾಲಯದ ಹಾಗೂ ಹೈಕೋರ್ಟುಗಳ ಕಲಾಪದ ಭಾಷೆ ಇಂಗ್ಲಿಷ್ ಎಂದು 348ನೆಯ ವಿಧಿ ಹೇಳುತ್ತದೆ. ಉನ್ನತ ವ್ಯಾಸಂಗ ನೋಡುವುದು ಆ ನ್ಯಾಯಾಲಯಗಳ ತೀರ್ಪುಗಳನ್ನೇ. ಆದ್ದರಿಂದ ಇಂಗ್ಲಿಷ್ ಕಾನೂನು ಬರಹವನ್ನು ಓದುವ ಅಭ್ಯಾಸವನ್ನು ಎಲ್‌ಎಲ್‌ಬಿಯ ಮೊದಲ ವರ್ಷದಿಂದಲೇ ಬೆಳೆಸಬೇಕು. ಸರ್ವೋಚ್ಚ ನ್ಯಾಯಾಲಯದ ಹಲವು ತೀರ್ಪುಗಳ ಕನ್ನಡ ಅನುವಾದಗಳು ಈಗ ಅಧಿಕೃತವಾಗಿ ದೊರೆಯುತ್ತವೆ. ಒಂದು ತೀರ್ಪನ್ನು ಮೊದಲು ಕನ್ನಡದಲ್ಲಿ, ಬಳಿಕ ಇಂಗ್ಲಿಷಿನಲ್ಲಿ ಓದುವುದು ಖರ್ಚಿಲ್ಲದ ಉತ್ತಮ ತರಬೇತಿ.

ಕನ್ನಡ ಇಲ್ಲಿ ಭಾರವಷ್ಟೇ ಎಂದು ತಿಳಿಯಬಾರದು. ಕರ್ನಾಟಕದ ಸಿವಿಲ್ ನ್ಯಾಯಾಧೀಶರ ಮುಖ್ಯ ಪರೀಕ್ಷೆಯಲ್ಲಿ ಸಾಕ್ಷ್ಯ, ತೀರ್ಪು, ದಸ್ತಾವೇಜುಗಳನ್ನು ಕನ್ನಡ ಮತ್ತು ಇಂಗ್ಲಿಷ್ ನಡುವೆ ಭಾಷಾಂತರಿಸುವ ಪತ್ರಿಕೆಯಿದೆ. ಕಾಸರಗೋಡು 1956ರ ನವೆಂಬರ್ 1ರವರೆಗೆ ಮದರಾಸು ರಾಜ್ಯದ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿತ್ತು. ಅಲ್ಲಿನ ಹಳೆಯ ಭೂದಾಖಲೆಗಳೂ ಕರಾರುಪತ್ರಗಳೂ ಕನ್ನಡದಲ್ಲಿವೆ. ಅವುಗಳನ್ನು ಓದಿ, ಮಲಯಾಳದಲ್ಲಿ ವಿವರಿಸಿ, ಇಂಗ್ಲಿಷಿನಲ್ಲಿ ವಾದಪತ್ರ ಬರೆಯಬಲ್ಲ ವಕೀಲರು ಎಷ್ಟು ಮಂದಿ ಇದ್ದಾರೆ? ಮೂರು ಭಾಷೆ ಬಲ್ಲ ಮಗು ಗಡಿನಾಡಿನಲ್ಲಿ ಸಹಜವಾಗಿಯೇ ಬೆಳೆಯುತ್ತದೆ.

ಪ್ರವೇಶದ ವಿಚಾರದಲ್ಲಿ ನಮ್ಮ ಮಕ್ಕಳಿಗೆ ಇನ್ನೊಂದು ಕೊರತೆಯೂ ಇದೆ. ಬೆಂಗಳೂರಿನ ನ್ಯಾಷನಲ್ ಲಾ ಸ್ಕೂಲಿನಲ್ಲಿ ಕರ್ನಾಟಕದ ವಿದ್ಯಾರ್ಥಿ ಎನ್ನಿಸಿಕೊಳ್ಳಲು ಕರ್ನಾಟಕದ ವಿದ್ಯಾಸಂಸ್ಥೆಗಳಲ್ಲಿ ಕನಿಷ್ಠ ಹತ್ತು ವರ್ಷ ಓದಿರಬೇಕು. ಮಂಜೇಶ್ವರದಲ್ಲಿಯೋ ಅಕ್ಕಲಕೋಟೆಯಲ್ಲಿಯೋ ಹತ್ತನೆಯ ತರಗತಿಯವರೆಗೆ ಕನ್ನಡದಲ್ಲಿಯೇ ಓದಿದ ಮಗು ಈ ಲೆಕ್ಕಕ್ಕೆ ಬಾರದು. ಕರ್ನಾಟಕದ ವೃತ್ತಿಶಿಕ್ಷಣ ಸಿಇಟಿಯಲ್ಲಿ ಹೊರನಾಡು ಮತ್ತು ಗಡಿನಾಡು ಕನ್ನಡಿಗರಿಗಾಗಿ ಪ್ರತ್ಯೇಕ ಅರ್ಹತಾ ಕಲಮು ಇದೆ. ಕನ್ನಡ ಭಾಷಾ ಪರೀಕ್ಷೆ ಬರೆದು ಅದನ್ನು ಪಡೆಯಬಹುದು. ಎಂಜಿನಿಯರಿಂಗಿಗೆ ಒಪ್ಪಿದ ತತ್ತ್ವವನ್ನು ಕಾನೂನು ಶಿಕ್ಷಣಕ್ಕೂ ವಿಸ್ತರಿಸಬೇಕೆಂಬ ಬೇಡಿಕೆಯನ್ನು ನಮ್ಮ ಸಂಘಟನೆಗಳು ಕರ್ನಾಟಕ ಸರ್ಕಾರದ ಮುಂದಿಡಬೇಕು. ಇದು ನ್ಯಾಯವಾದ ಬೇಡಿಕೆ.

ಹಾಗಾದರೆ ನಮಗೆ ಎಲ್‌ಎಲ್‌ಎಂ ಬೇಡವೇ?

ಬೇಕು. ಎಲ್ಲರಿಗೂ ಅಲ್ಲ, ಕೆಲವರಿಗೆ ಖಂಡಿತವಾಗಿ ಬೇಕು. ಅದರ ಕಾರಣ ನಮ್ಮ ಶಾಲೆಗಳಲ್ಲಿಯೇ ಇದೆ.

ಭಾಷಾ ಅಲ್ಪಸಂಖ್ಯಾತರ ಹಕ್ಕುಗಳ ಕಾನೂನು ಈ ದೇಶದಲ್ಲಿ ಇನ್ನೂ ಪೂರ್ತಿ ಬೆಳೆದಿಲ್ಲ. ರಾಜ್ಯ ಪುನರ್ವಿಂಗಡಣೆಯ ವರ್ಷವೇ, 1956ರ ಏಳನೆಯ ತಿದ್ದುಪಡಿಯ ಮೂಲಕ 350ಎ ಮತ್ತು 350ಬಿ ವಿಧಿಗಳು ಸಂವಿಧಾನಕ್ಕೆ ಸೇರಿದವು. ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಶಿಕ್ಷಣಕ್ಕೆ ಸಾಕಷ್ಟು ಸೌಕರ್ಯ ಒದಗಿಸಲು ರಾಜ್ಯಗಳು ಪ್ರಯತ್ನಿಸಬೇಕು ಎನ್ನುತ್ತದೆ ಮೊದಲನೆಯದು. ರಾಷ್ಟ್ರಪತಿಗೆ ವರದಿ ಸಲ್ಲಿಸುವ ವಿಶೇಷ ಅಧಿಕಾರಿಯ ಬಗ್ಗೆ ಹೇಳುತ್ತದೆ ಎರಡನೆಯದು. ಭಾಷಾ ಅಲ್ಪಸಂಖ್ಯಾತರನ್ನು ಗುರುತಿಸಲು ರಾಜ್ಯವೇ ಘಟಕವೆಂದು 2002ರ ಟಿ.ಎಂ.ಎ. ಪೈ ತೀರ್ಪು ಹೇಳಿತು. ಮಹಾರಾಷ್ಟ್ರದಲ್ಲಿ ಗುಜರಾತಿ ಭಾಷಿಕರ ಶಾಲೆಗಳಲ್ಲಿಯೂ ಮರಾಠಿ ಕಲಿಕೆಯನ್ನು ಕಡ್ಡಾಯಗೊಳಿಸಿದ್ದನ್ನು 2004ರ ಉಷಾ ಮೆಹ್ತಾ ತೀರ್ಪು ಎತ್ತಿಹಿಡಿಯಿತು. ಮಾತೃಭಾಷಾ ಮಾಧ್ಯಮವನ್ನು ರಾಜ್ಯವು ಹೇರಲಾಗದು ಎಂದು 2014ರಲ್ಲಿ ಕರ್ನಾಟಕದ ಪ್ರಕರಣದಲ್ಲಿ ಸಂವಿಧಾನ ಪೀಠ ಹೇಳಿತು.

ಈ ತೀರ್ಪುಗಳ ನಡುವಿನ ಸಂದಿಯಲ್ಲಿ ನಮ್ಮ ಮಕ್ಕಳ ತರಗತಿಗಳಿವೆ. ಕೇರಳದ 2017ರ ಮಲಯಾಳ ಭಾಷಾ ಕಲಿಕೆಯ ಕಾಯಿದೆಯನ್ನು ಕನ್ನಡ ಮಾಧ್ಯಮ ಶಾಲೆಗಳಿಗೆ ಹೇಗೆ, ಎಷ್ಟರಮಟ್ಟಿಗೆ ಅನ್ವಯಿಸಬೇಕು? ಕಲಿಸುವ ಅಧ್ಯಾಪಕರಿಗೆ ಕನ್ನಡವೇ ಬಾರದಿದ್ದರೆ 350ಎ ವಿಧಿಯ ‘ಸಾಕಷ್ಟು ಸೌಕರ್ಯ’ ಎಂಬ ಮಾತಿಗೆ ಅರ್ಥವೇನು? ಅಲ್ಪಸಂಖ್ಯಾತ ಪ್ರದೇಶಗಳಲ್ಲಿ ಕನ್ನಡಿಗರು ಸರ್ಕಾರಕ್ಕೆ ಕನ್ನಡದಲ್ಲಿ ಬರೆಯಬಹುದು, ಉತ್ತರವೂ ಕನ್ನಡದಲ್ಲಿ ಬರಬೇಕು ಎಂಬ ಅವಕಾಶ ಕೇರಳದ 1969ರ ಅಧಿಕೃತ ಭಾಷಾ ಶಾಸನದ ವ್ಯವಸ್ಥೆಯಲ್ಲಿದೆ. ಅದನ್ನು ಪಾಲಿಸದಿದ್ದರೆ ಪರಿಹಾರವೇನು? ಕನ್ನಡ ಬಾರದ ಅಧ್ಯಾಪಕರ ನೇಮಕಾತಿಯ ವಿರುದ್ಧ ಕಾಸರಗೋಡಿನ ಹೆತ್ತವರು ಬೀದಿಗೂ ಇಳಿದಿದ್ದಾರೆ, ನ್ಯಾಯಾಲಯದ ಮೆಟ್ಟಿಲನ್ನೂ ಏರಿದ್ದಾರೆ. ಆದರೆ ಪ್ರತಿ ಬಾರಿಯೂ ಅರ್ಜಿಯನ್ನು ಮೊದಲಿನಿಂದ ಕಟ್ಟಬೇಕಾಗುತ್ತದೆ. ಜತ್ತದ, ತಾಳವಾಡಿಯ, ಮಡಕಶಿರದ ಅನುಭವವನ್ನು ಒಂದೆಡೆ ಸೇರಿಸಿ, ರಾಜ್ಯ ರಾಜ್ಯಗಳ ಶಾಸನಗಳನ್ನು ಹೋಲಿಸಿ, ವಕೀಲರ ಕೈಗೆ ಸಿದ್ಧವಾಗಿ ಕೊಡಬಲ್ಲ ಅಧ್ಯಯನ ನಮಗೆ ಬೇಕು.

ಎಲ್‌ಎಲ್‌ಎಂ ವಿದ್ಯಾರ್ಥಿ ಬರೆಯಬೇಕಾದ ಸಂಶೋಧನಾ ಪ್ರಬಂಧ ಇಂಥ ಕೆಲಸಕ್ಕೆ ಹೇಳಿ ಮಾಡಿಸಿದ್ದು. ಅಂಕಕ್ಕಾಗಿ ಎಲ್ಲರೂ ಆಯುವ ವಿಷಯವನ್ನೇ ಆಯುವ ಬದಲು ನಮ್ಮ ವಿದ್ಯಾರ್ಥಿಯೊಬ್ಬಳು ತನ್ನ ಶಾಲೆಯ ಪ್ರಶ್ನೆಯನ್ನೇ ಕಾನೂನಿನ ಪ್ರಶ್ನೆಯಾಗಿಸಿದರೆ, ಅವಳ ಪದವಿ ಇಡೀ ಸಮುದಾಯಕ್ಕೆ ಆಸ್ತಿಯಾಗುತ್ತದೆ.

ಹೆತ್ತವರಿಗೆ ಒಂದು ಕ್ರಮ

ಹೇಳಿದ ಮಾತುಗಳನ್ನು ಒಂದು ಕ್ರಮದಲ್ಲಿ ಇಡಬಹುದು. ಎಲ್‌ಎಲ್‌ಬಿ ಮುಗಿದೊಡನೆ ಮೊದಲು ನೋಂದಣಿ, ಬಳಿಕ ವಕೀಲರ ಪರೀಕ್ಷೆ. ಕೋರ್ಟಿನ ಕೆಲಸವೇ ಗುರಿಯಾದರೆ ಒಳ್ಳೆಯ ಹಿರಿಯರ ಕಚೇರಿ. ನ್ಯಾಯಾಧೀಶರಾಗಬೇಕಾದರೆ ಆ ಮೂರು ವರ್ಷಗಳೊಳಗೇ ಪರೀಕ್ಷೆಯ ಸಿದ್ಧತೆ. ಅಧ್ಯಾಪನ ಅಥವಾ ಸಂಶೋಧನೆಯಲ್ಲಿ ಮನಸ್ಸಿದ್ದರೆ ಮಾತ್ರ ಎಲ್‌ಎಲ್‌ಎಂ. ಅದೂ ತರಗತಿಗೆ ಹೋಗಿ ಓದುವ, ಮಾನ್ಯತೆಯುಳ್ಳ ಸಂಸ್ಥೆಯಲ್ಲಿ. ಮನೆಗೆ ಹತ್ತಿರದ ವಿಶ್ವವಿದ್ಯಾಲಯದ ಎರಡು ವರ್ಷದ ಪದವಿ ದೂರದ ನಗರದ ಒಂದು ವರ್ಷದ ಪದವಿಗಿಂತ ಅಗ್ಗವಾಗಿರಬಹುದು. ವಸತಿ ಖರ್ಚನ್ನೂ ಸೇರಿಸಿ ಲೆಕ್ಕ ಹಾಕಬೇಕು. ವಿದೇಶದ ಆಲೋಚನೆ ಇದ್ದರೆ ಬ್ಯಾಂಕ್ ಸಾಲಕ್ಕಿಂತ ಮೊದಲು ವಿದ್ಯಾರ್ಥಿವೇತನ. ಪರಿಶಿಷ್ಟ ಜಾತಿ, ಅಲೆಮಾರಿ ಸಮುದಾಯ, ಭೂರಹಿತ ಕೃಷಿಕಾರ್ಮಿಕರ ಮತ್ತು ಸಾಂಪ್ರದಾಯಿಕ ಕುಶಲಕರ್ಮಿಗಳ ಮಕ್ಕಳಿಗೆ ಕೇಂದ್ರ ಸರ್ಕಾರದ ರಾಷ್ಟ್ರೀಯ ಸಾಗರೋತ್ತರ ವಿದ್ಯಾರ್ಥಿವೇತನವಿದೆ. ಎಲ್ಲ ವರ್ಗದವರಿಗೂ ಬ್ರಿಟನ್ನಿನ ಚೀವನಿಂಗ್, ಅಮೆರಿಕದ ಫುಲ್‌ಬ್ರೈಟ್-ನೆಹರು ಯೋಜನೆಗಳಿವೆ. ಇವೆರಡೂ ಕೆಲವು ವರ್ಷಗಳ ವೃತ್ತಿ ಅನುಭವವನ್ನು ಕೇಳುತ್ತವೆ. ಮೊದಲು ದುಡಿಮೆ, ಬಳಿಕ ಉನ್ನತ ವ್ಯಾಸಂಗ ಎಂಬ ಕ್ರಮ ಅಲ್ಲಿಯೂ ಹೊಂದುತ್ತದೆ.

ಕನ್ನಡ ಸಂಘಗಳು ವರ್ಷಕ್ಕೊಮ್ಮೆ ಸಾಧಕರಿಗೆ ಶಾಲು ಹೊದಿಸುತ್ತವೆ. ಅದು ಇರಲಿ. ಅದರೊಡನೆ, ಭಾಷಾ ಅಲ್ಪಸಂಖ್ಯಾತರ ಹಕ್ಕಿನ ಬಗ್ಗೆ ಎಲ್‌ಎಲ್‌ಎಂ ಪ್ರಬಂಧ ಬರೆಯಲು ಮುಂದಾಗುವ ಒಬ್ಬ ವಿದ್ಯಾರ್ಥಿಯ ಶುಲ್ಕವನ್ನು ವರ್ಷಕ್ಕೊಮ್ಮೆ ಭರಿಸಲಿ. ಹತ್ತು ವರ್ಷಗಳಲ್ಲಿ ಹತ್ತು ಅಧ್ಯಯನಗಳು ನಮ್ಮ ಕೈಯಲ್ಲಿರುತ್ತವೆ. ಮುಂದೊಮ್ಮೆ ಯಾವುದೋ ಕನ್ನಡ ಶಾಲೆಯ ಅಧ್ಯಾಪಕ ಹುದ್ದೆಗಾಗಿ ಹೈಕೋರ್ಟಿನಲ್ಲಿ ಅರ್ಜಿ ಬರೆಯುವ ವಕೀಲರು ಖಾಲಿ ಕಾಗದದಿಂದ ಆರಂಭಿಸಬೇಕಾಗಿ ಬಾರದು.